ದೊಡ್ಡ ಫೋಟೊ ಪ್ರಿಂಟರ್ ಮನೆಗೆ ತರುವ ಮುನ್ನ

ಫೋಟೊ ಪ್ರಿಂಟ್ ಹಾಕಿಸಲು ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ಹೊರಡುವ ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಮನೆಗೇ ಒಂದು ದೊಡ್ಡ ಪ್ರಿಂಟರ್ ತಗೊಂಡ್ರೆ ಹೇಗೆ?" ಯಾವ ಮಾಡೆಲ್ ಅನ್ನೋ ಮಾತು ಆಮೇಲೆ. ವಾರಕ್ಕೆ ಎಷ್ಟು ಪ್ರಿಂಟ್ ತೆಗೀತೀರಿ ಅಂತ ನಾನು ಮೊದಲು ಕೇಳುತ್ತೇನೆ. ಒಂದಾದರೂ ತೆಗೆಯುವ ಹಾಗಿದ್ದರೆ ಖಂಡಿತ ತಗೊಳ್ಳಿ. ವರ್ಷಕ್ಕೆ ನಾಲ್ಕೈದು ಫೋಟೊ ಗೋಡೆಗೆ ಹಾಕುವವರಾದರೆ ಲ್ಯಾಬ್‌ಗೆ ಕೊಡುವುದೇ ಲಾಭ.

ಕಾರಣ ಇಷ್ಟೇ. ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಹಾಳೆಯ ಮೇಲೆ ಇಂಕ್ ಚಿಮ್ಮಿಸುವ ಭಾಗವೇ ಹೆಡ್, ಅದರಲ್ಲಿರುವ ನಾಜಲ್ ಎಂಬ ತೂತುಗಳು ಕೂದಲಿಗಿಂತ ಸಣ್ಣವು. ಕೆಲಸ ಇಲ್ಲದೆ ನಿಂತರೆ ಅಲ್ಲಿ ಇಂಕ್ ಒಣಗುತ್ತದೆ. ಕರೆಯುವ ಹಸುವನ್ನು ಕರೆಯದೆ ಬಿಟ್ಟರೆ ಕೆಚ್ಚಲು ಕಟ್ಟುತ್ತದಲ್ಲ, ಹಾಗೆ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿರುತ್ತದೆ, ಆಗ ಈ ತೊಂದರೆ ಜಾಸ್ತಿ. ಕಟ್ಟಿಕೊಂಡ ಹೆಡ್ ಬಿಡಿಸಲು ಕ್ಲೀನಿಂಗ್ ಕೊಡಬೇಕು. ಪ್ರತಿ ಕ್ಲೀನಿಂಗ್‌ಗೂ ಒಳ್ಳೆಯ ಇಂಕ್ ಸುಮ್ನೆ ವೇಸ್ಟ್ ಡಬ್ಬಿಗೆ ಹೋಗುತ್ತದೆ. ವಾರಕ್ಕೊಮ್ಮೆ ತೂತುಗಳೆಲ್ಲ ಸರಿಯಿವೆಯೇ ಎಂದು ತೋರಿಸುವ ನಾಜಲ್ ಚೆಕ್ ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ಗೆರೆಗಳ ಸಾಲಿನಲ್ಲಿ ಎಲ್ಲಾದರೂ ಒಂದು ಗೆರೆ ತುಂಡಾಗಿದ್ದರೆ, ಆ ಬಣ್ಣಕ್ಕೆ ಮಾತ್ರ ಕ್ಲೀನಿಂಗ್ ಕೊಡುವ ಸೌಲಭ್ಯ ನಿಮ್ಮ ಮಾಡೆಲ್‌ನಲ್ಲಿದ್ದರೆ ಅದನ್ನೇ ಬಳಸಿ. ಹಳದಿ ಗೆರೆ ಸುಲಭಕ್ಕೆ ಕಾಣುವುದಿಲ್ಲ, ಅದನ್ನು ಹುಡುಕಿ ನೋಡಬೇಕು.

ಇನ್ನು ಸೈಜ್. ಮನೆಗೆ ಎರಡೇ ಅಳತೆ ಯೋಚಿಸಬೇಕಾದ್ದು: 13 ಇಂಚು ಅಗಲದ್ದು, 17 ಇಂಚು ಅಗಲದ್ದು. ಮೊದಲನೆಯದರಲ್ಲಿ 13x19 ಇಂಚಿನ ಎ3 ಪ್ಲಸ್ ಹಾಳೆ ಹೋಗುತ್ತದೆ, ಎರಡನೆಯದರಲ್ಲಿ ಎ2. ಹೆಚ್ಚಿನವರ ಕೈಲಿರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ 6000x4000 ಪಿಕ್ಸೆಲ್ ಕೊಡುತ್ತದೆ. ಇಂಚಿಗೆ 300 ಪಿಕ್ಸೆಲ್‌ನಂತೆ ಲೆಕ್ಕ ಹಾಕಿದರೆ 20x13 ಇಂಚು, ಅಂದರೆ ಎ3 ಪ್ಲಸ್‌ಗೆ ಸರಿಹೊಂದುತ್ತದೆ. ನಾಲ್ಕೈದು ಅಡಿ ದೂರದಿಂದ ನೋಡುವ ಗೋಡೆ ಚಿತ್ರಕ್ಕೆ ಇಂಚಿಗೆ 200 ಇದ್ದರೂ ನಡೆಯುತ್ತದೆ, ಹಾಗಾಗಿ ಎ2ಗೂ ಅದೇ ಕ್ಯಾಮೆರಾ ಸಾಕು.

ಅಗಲದ ಜೊತೆಗೆ ಕಾರ್ಟ್ರಿಡ್ಜ್ ಅಳತೆಯನ್ನೂ ನೋಡಿ. 13 ಇಂಚಿನ ಕ್ಯಾನನ್ ಪ್ರೊ-300ರಲ್ಲಿ ಒಂದು ಕಾರ್ಟ್ರಿಡ್ಜ್‌ಗೆ 14.4 ಮಿಲಿಲೀಟರ್, 17 ಇಂಚಿನ ಪ್ರೊ-1000ದಲ್ಲಿ 80. 13 ಇಂಚಿನ ಎಪ್ಸನ್ ಪಿ700ರಲ್ಲಿ 25, 17 ಇಂಚಿನ ಪಿ900ರಲ್ಲಿ 50. ಸಣ್ಣ ಕಾರ್ಟ್ರಿಡ್ಜ್‌ನಲ್ಲಿ ಮಿಲಿಲೀಟರ್ ಲೆಕ್ಕಕ್ಕೆ ಇಂಕ್ ದುಬಾರಿ. ಚಿಕ್ಕ ಪ್ರಿಂಟರ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರು ಹತ್ತು ಬಣ್ಣ ಬದಲಿಸುವ ಹೊತ್ತಿಗೆ ಕಂಗಾಲಾಗುತ್ತಾರೆ.

ಎಪ್ಸನ್ ಎಲ್18050 ಥರದ, ಬಾಟಲಿಯಿಂದ ಇಂಕ್ ತುಂಬಿಸುವ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಪ್ರಿಂಟ್ ಖರ್ಚು ತುಂಬಾ ಕಡಿಮೆ. ಆರು ಬಣ್ಣ, ಎ3 ಪ್ಲಸ್ ಅಳತೆ. ಆದರೆ ಅದು ಡೈ ಇಂಕ್, ಅಂದರೆ ಬಣ್ಣ ಪೂರ್ತಿ ಕರಗಿರುವ ಇಂಕ್. ಗ್ಲಾಸಿ ಹಾಳೆಯ ಮೇಲೆ ಬಣ್ಣ ಚೆನ್ನಾಗಿ ಹೊಳೆಯುತ್ತದೆ. ಗಾಜಿಲ್ಲದೆ, ಬೆಳಕು ಬೀಳುವ ಗೋಡೆಗೆ ಹಾಕಿದರೆ ಬೇಗ ಮಂಕಾಗುತ್ತದೆ. ಬಣ್ಣದ ಸಣ್ಣ ಕಣಗಳಿರುವ ಪಿಗ್ಮೆಂಟ್ ಇಂಕ್ ಅದಕ್ಕಿಂತ ಎಷ್ಟೋ ಹೆಚ್ಚು ಬಾಳಿಕೆ ಬರುತ್ತದೆ. ಮನೆಯ ಆಲ್ಬಮ್‌ಗೆ, ಮಕ್ಕಳ ಫೋಟೊಗೆ ಡೈ ಧಾರಾಳ ಸಾಕು. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ ನೋಡಿ ಬಂದವರು "ನನ್ನ ಫೋಟೊನೂ ಮಾರಬಹುದಲ್ವಾ?" ಅಂತ ಉತ್ಸಾಹದಿಂದ ಬರುತ್ತಾರೆ. ಮಾರಬಹುದು. ಆದರೆ ದುಡ್ಡು ಕೊಟ್ಟು ಕೊಂಡವರ ಗೋಡೆಯಲ್ಲಿ ಅದು ಮಾಸಬಾರದು. ಮಾರಾಟಕ್ಕೆ ಪಿಗ್ಮೆಂಟೇ ಬೇಕು ಅನ್ನುವುದರಲ್ಲಿ ನನಗೆ ರಾಜಿ ಇಲ್ಲ.

ಹೊಸಬರ ಮುಖ್ಯ ದೂರು ಪ್ರಿಂಟ್ ಕಪ್ಪಾಗಿ ಬಂತು ಅನ್ನುವುದು. ಕಬಿನಿಯ ಸಂಜೆ ಬೆಳಕಿನ ಆನೆ ಅಂದುಕೊಳ್ಳಿ. ಸ್ಕ್ರೀನ್ ಮೇಲೆ ಸೊಂಡಿಲಿನ ಒಂದೊಂದು ಸುಕ್ಕೂ ಕಾಣುತ್ತದೆ. ಹಾಳೆಯ ಮೇಲೆ ಹೊಟ್ಟೆಯ ಕೆಳಗೆಲ್ಲ ಬರೀ ಕಪ್ಪು. ಇದರಲ್ಲಿ ಪ್ರಿಂಟರ್ ತಪ್ಪು ಇರುವುದು ಅಪರೂಪ. ಸ್ಕ್ರೀನ್ ತಾನೇ ಬೆಳಕು ಬೀರುತ್ತದೆ, ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುತ್ತದೆ. ಪ್ರಿಂಟ್ ಕೆಲಸಕ್ಕೆ ಸ್ಕ್ರೀನ್ ಬೆಳಕು ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಒಳಗಿರಬೇಕು. ಅಳೆಯುವ ಕ್ಯಾಲಿಬ್ರೇಟರ್ ಅನ್ನು ನಾಲ್ಕು ಜನ ಗೆಳೆಯರು ಸೇರಿ ಕೊಂಡರೂ ಆಯಿತು. ಅದು ಸಿಗುವವರೆಗೆ, ಖಾಲಿ ಫೋಟೊ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿದು, ಸ್ಕ್ರೀನಿನ ಬಿಳಿ ಹಾಳೆಯ ಬಿಳಿಯಷ್ಟಾಗುವ ತನಕ ಬೆಳಕು ಇಳಿಸಿ. ಬಂದ ಪ್ರಿಂಟನ್ನು ಹಗಲು ಹೊತ್ತು ಕಿಟಕಿ ಪಕ್ಕ ನೋಡಿ. ಹಾಳೆಗೆ ತಕ್ಕ ಪ್ರೊಫೈಲ್, ಅಂದರೆ ಆ ಹಾಳೆಯಲ್ಲಿ ಬಣ್ಣ ಹೇಗೆ ಬರಬೇಕೆಂದು ತಿಳಿಸುವ ಫೈಲ್ ಹಾಕಿ. ಬಣ್ಣದ ಹೊಣೆ ಸಾಫ್ಟ್‌ವೇರ್‌ಗೆ ಕೊಟ್ಟರೆ ಪ್ರಿಂಟರ್ ಡ್ರೈವರ್‌ನಲ್ಲಿ ಬಣ್ಣ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ. ಎರಡೂ ಕಡೆ ಆನ್ ಇದ್ದರೆ ಮುಖಗಳೆಲ್ಲ ಕೆಂಪಡರಿ ಬರುತ್ತವೆ.

ಹಾಳೆ ವಿಷಯದಲ್ಲಿ ಅವಸರ ಬೇಡ. 260 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ತೂಕ) ಆಸುಪಾಸಿನ, ಅರೆ ಹೊಳಪಿನ ಲಸ್ಟರ್ ಹಾಳೆಯಲ್ಲಿ ಕೈ ಕುದುರಿಸಿಕೊಳ್ಳಿ, ಹತ್ತಿಯ ಹಾಳೆ ಆಮೇಲೆ. ಹತ್ತಿ ಹಾಳೆ ನನಗೆ ಬಲು ಇಷ್ಟ, ಆದರೆ ಅದಕ್ಕೆ ಆರೈಕೆ ಬೇಕು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಇರುತ್ತದೆ. ಒರೆಸದೆ ಹಾಕಿದರೆ ಇಂಕ್ ಆ ನಾರಿನ ಮೇಲೆ ಕೂರುತ್ತದೆ. ನಾಳೆ ನಾರು ಉದುರಿದಾಗ ಆಕಾಶದ ನಡುವೆ ಬಿಳಿ ಚುಕ್ಕೆ. ಮೆತ್ತನೆಯ ಬ್ರಷ್‌ನಿಂದ ಒಮ್ಮೆ ಸವರಿ ಹಾಕಿದರೆ ಸಾಕು. ಮಳೆಗಾಲದಲ್ಲಿ ಇನ್ನೊಂದು ಪೀಡೆ. ಪ್ಯಾಕೆಟ್ಟಿನಿಂದ ಹೊರಗಿಟ್ಟ ಹಾಳೆಯ ಅಂಚು ತೇವಕ್ಕೆ ಮೇಲೇಳುತ್ತದೆ. ಹೆಡ್ ಅದಕ್ಕೆ ಉಜ್ಜಿ ಅಂಚಿನುದ್ದಕ್ಕೂ ಕಪ್ಪು ಗೀರು ಬೀಳುತ್ತದೆ, ಹೆಡ್ಡಿಗೂ ಪೆಟ್ಟು. ಬೇಕಾದಾಗ ಮಾತ್ರ ಹಾಳೆ ಹೊರತೆಗೆಯಿರಿ. ಅಂಚು ಎದ್ದಿದ್ದರೆ ಮಟ್ಟಸ ಮಾಡಿ ಹಾಕಿ. ಪ್ರಿಂಟ್ ಆದ ಮೇಲೆ ಒಂದು ದಿನವಾದರೂ ಆರಲು ಬಿಟ್ಟು ಗಾಜು ಹಾಕಿಸಿ. ಇಲ್ಲದಿದ್ದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ.

ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ಗೋಡೆಯ ಸ್ವಿಚ್‌ನಿಂದ ಬೇಡ. ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಕೆಳಗೆ ಕೂರುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಅದು ತೆರೆದೇ ನಿಲ್ಲುತ್ತದೆ, ಹಾಗಾಗಿ ಚಿಕ್ಕ ಯುಪಿಎಸ್ ಇರಲಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಮೇಲೊಂದು ಬಟ್ಟೆ ಹೊದಿಸಿ. ದಪ್ಪ ಹಾಳೆ ಮುಂದಿನಿಂದ ಹೋಗಿ ಹಿಂದಕ್ಕೆ ಚಾಚುವ ಮಾಡೆಲ್‌ಗಳೂ ಇವೆ, ಅಂಥದ್ದನ್ನು ಗೋಡೆಗೆ ಒತ್ತಿ ಇಡಲಾಗದು. ಟೇಪ್ ಹಿಡಿದು ಮೊದಲೇ ಅಳೆದುಬಿಡಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಕೊಳ್ಳಿ, ಡೀಲರ್ ಹತ್ತಿರ ಕೊಳ್ಳಿ, ನಿಮ್ಮದೇ ಎರಡು ಫೋಟೊ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಒಂದರಲ್ಲಿ ನೆರಳು ಜಾಸ್ತಿ ಇರಲಿ, ಇನ್ನೊಂದರಲ್ಲಿ ಜನರ ಮುಖ ಇರಲಿ. ಡೆಮೊ ಪ್ರಿಂಟ್ ತೆಗೆಸಿ, ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಿ. ವೇಸ್ಟ್ ಇಂಕ್ ಡಬ್ಬಿ ನೀವೇ ಬದಲಿಸಬಹುದೇ, ಹೆಡ್ ಹೋದರೆ ನೀವೇ ಹಾಕಿಕೊಳ್ಳಬಹುದೇ ಅಥವಾ ಸರ್ವಿಸ್‌ನವರೇ ಬರಬೇಕೇ, ಅದಕ್ಕೆ ಎಷ್ಟಾಗುತ್ತದೆ ಎಂದು ಕೇಳಿ, ಬಿಲ್ ಮಾಡಿಸುವ ಮೊದಲೇ ಬರೆಸಿಕೊಳ್ಳಿ.