ಸಹಿ ಮಾಡಿ ಮನೆಗೆ ಒಯ್ಯುವ ಮೊದಲು

"ಸಾಹೇಬ್ರ, ಎಲ್ಲಿ ಬೇಕಾದ್ರೂ ಸಹಿ ಮಾಡ್ತೀವ್ರಿ, ಅಪ್ಪನ್ನ ಮನೀಗೆ ಕಳಿಸಿಬಿಡ್ರಿ."

ವಿಜಯಪುರದಲ್ಲಿ ಐಸಿಯು ನೋಡಿಕೊಳ್ಳುವ ಡಾಕ್ಟರ್ ನಾನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೆಚ್ಚಾಗಿ ರಾತ್ರಿ ಹೊತ್ತೇ ಬರುತ್ತದೆ. ಅಷ್ಟರಲ್ಲಿ ಹೊರಗೆ ಆಂಬ್ಯುಲೆನ್ಸ್ ಬಂದು ನಿಂತಿರುತ್ತದೆ, ಊರಿಗೆ ಫೋನ್ ಹೋಗಿರುತ್ತದೆ, ಅಲ್ಲಿ ಯಾರೋ ಪಡಸಾಲೆ ಖಾಲಿ ಮಾಡಿ ಕಂಬಳಿ ಹಾಸಿರುತ್ತಾರೆ. ಡಾಕ್ಟರ್ ಒಯ್ಯಬೇಡಿ ಅಂತಾರೆ, ಮನೆಯವರು ಸಾಕು ಅಂತಾರೆ, ಕಡೆಗೆ 'ವೈದ್ಯರ ಸಲಹೆ ಮೀರಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ' ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡರೆ ಜಗಳ ಮುಗಿಯಿತು.

ಮಂಚದ ಮೇಲಿದ್ದವರ ಪಾಲಿಗೆ ಮುಗಿಯುವುದಿಲ್ಲ. ಆಂಬ್ಯುಲೆನ್ಸಿನಲ್ಲಿ ಅಂಬು ಬ್ಯಾಗ್ ಅಂತ ಒಂದು ರಬ್ಬರ್ ಚೀಲ ಇರುತ್ತದೆ, ಅದನ್ನು ಒತ್ತಿದಾಗಲೆಲ್ಲ ಉಸಿರು ಒಳಗೆ ಹೋಗುತ್ತದೆ. ಹೀಗೆ ಒತ್ತು ಅಂತ ಮಗನಿಗೆ ಎರಡು ನಿಮಿಷ ತೋರಿಸಿ ಕೊಟ್ಟಿರುತ್ತಾರೆ. ಗಾಡಿ ಹಂಪ್ ಮೇಲೆ ಎಗರಿದಾಗ ಅವನ ಕೈ ತಪ್ಪುತ್ತದೆ. ಮನೆ ಮುಟ್ಟಿದ ಮೇಲೆ ಬಾಯೊಳಗಿನ ನಳಿಗೆ ಕಿತ್ತು, ಗಾಡಿ ವಾಪಸ್. ಒಬ್ಬೊಬ್ಬರು ಐದು ನಿಮಿಷದಲ್ಲಿ ಹೋಗುತ್ತಾರೆ, ಇನ್ನು ಕೆಲವರು ರಾತ್ರಿಯೆಲ್ಲ ಮೇಲುಸಿರು ಬಿಡುತ್ತಾರೆ. ಆ ಸಂಕಟಕ್ಕೆ ಕೊಡಬಹುದಾದ ಮಾರ್ಫಿನ್ ಆ ಮನೆಯಲ್ಲಿ ಎಲ್ಲಿಂದ ಬರಬೇಕು?

ಮನೆಯಲ್ಲೇ ಪ್ರಾಣ ಹೋಗಲಿ ಅನ್ನುವ ಆಸೆ ತಪ್ಪಲ್ಲ, ನನಗೂ ಅದೇ ಆಸೆ. ಒಯ್ಯುವುದಿದ್ದರೆ ನೋವಿಗೆ, ಉಸಿರಿನ ಸಂಕಟಕ್ಕೆ ಏನು ಕೊಡುತ್ತೀರಿ, ಊರಲ್ಲಿ ಯಾರು ಬಂದು ನೋಡುತ್ತಾರೆ ಅಂತ ಕೇಳಿ, ಬರೆಸಿಕೊಂಡು, ತಯಾರಾಗಿ ಒಯ್ಯಿರಿ. ಡಾಕ್ಟರ್ ಜೊತೆ ಜಗಳ ಬಿತ್ತು ಅಂತ ರಾತ್ರೋರಾತ್ರಿ ಎತ್ತಿಕೊಂಡು ಹೋಗಬೇಡಿ. ಆಸ್ಪತ್ರೆಯ ಒಳಗೇ ಯಂತ್ರ ನಿಲ್ಲಿಸುವುದಕ್ಕೆ ದಾರಿ ಇದೆ, ಕಾನೂನಿನದೇ ದಾರಿ.

ಒಂದು ಕೇಸು ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಇಂಡಿ ಕಡೆಯ ಅಜ್ಜ, ಲಿಂಬೆ ತೋಟದವರು, ವಯಸ್ಸು ಎಪ್ಪತ್ತೆಂಟು. ಬೀಡಿ ಸೇದಿ ಸೇದಿ ಮೊದಲೇ ಪುಪ್ಪುಸ ಹಾಳಾಗಿತ್ತು, ಅದರ ಮೇಲೆ ಮೆದುಳಲ್ಲಿ ದೊಡ್ಡ ರಕ್ತಸ್ರಾವ. ವೆಂಟಿಲೇಟರ್ ಹಾಕಿ ಒಂಬತ್ತು ದಿನ. ಕಣ್ಣು ತೆರೆದಿರಲಿಲ್ಲ. ಒಂಬತ್ತನೇ ದಿನ ಮೂತ್ರ ನಿಂತಿತು, ಡಯಾಲಿಸಿಸ್ ಮಾಡೋಣ ಅಂತ ನಾನೇ ಅಂದೆ. ಊರಲ್ಲಿ ಇದ್ದು ನೋಡಿಕೊಂಡ ಹಿರಿಯ ಮಗ "ಬ್ಯಾಡ್ರಿ, ಸಾಕು" ಅಂದ. ಹಿಂದಿನ ರಾತ್ರಿ ಪುಣೆಯಿಂದ ಬಂದಿದ್ದ ಕಿರಿಯ ಮಗ "ಏನ್ ಬೇಕೋ ಎಲ್ಲಾ ಮಾಡ್ರಿ, ರೊಕ್ಕದ ಚಿಂತಿ ಬ್ಯಾಡ" ಅಂದ. (ದೂರದಿಂದ ಕಡೆಗೆ ಬಂದ ಮಗನೇ ಜಾಸ್ತಿ ಜೋರು ಮಾಡುತ್ತಾನೆ. ಇದನ್ನು ಪ್ರತಿ ಐಸಿಯುದಲ್ಲೂ ನೋಡಬಹುದು. ಅವನ ಮೇಲೆ ಸಿಟ್ಟಾಗಬೇಡಿ, ಇಷ್ಟು ದಿನ ಇರಲಿಲ್ಲವಲ್ಲ ಅನ್ನುವುದು ಅವನನ್ನು ಒಳಗೇ ತಿನ್ನುತ್ತಿರುತ್ತದೆ.)

ನನಗೂ ಸಿಟ್ಟು ಬಂತು, ಹಿರಿಯವನ ಮೇಲೆ. ಚಿಕಿತ್ಸೆ ಬೇಡ ಅಂತಾನಲ್ಲ, ಆಸ್ತಿ ಗೀಸ್ತಿ ಇರಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆಗ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದ ಹಿರಿಸೊಸೆ ಕೇಳಿದರು, "ಇದನ್ನ ಮಾಡಿದ್ರ ಮಾವಾರು ಎದ್ದು ಕುಂತು ನಮ್ಮನ್ನ ಗುರುತು ಹಿಡೀತಾರೇನ್ರಿ?"

ಇಲ್ಲ ಅಂದೆ. ಆ ಒಂದು 'ಇಲ್ಲ' ಒಂಬತ್ತು ದಿನದಲ್ಲಿ ನನ್ನ ಬಾಯಿಂದ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಬಿಪಿ ಪರವಾಗಿಲ್ಲ, ಜ್ವರ ಇಳಿದಿದೆ, ನೋಡೋಣ ಅಂತಿದ್ದೆ. ಬಿಪಿ ಸುಧಾರಿಸಿದ್ದನ್ನು ಅವರು ಅಪ್ಪ ಸುಧಾರಿಸಿದ್ದು ಅಂತ ಕೇಳಿಸಿಕೊಂಡಿದ್ದರು. ನಾವು ಡಾಕ್ಟರುಗಳು 'ನೋಡೋಣ' ಅಂದರೆ ಹೇಳುವುದಕ್ಕೆ ಧೈರ್ಯ ಸಾಲುತ್ತಿಲ್ಲ ಅಂತ ಅರ್ಥ, ಎಷ್ಟೋ ಸಲ.

ಹಾಗಾಗಿ ಮೊದಲು ಕೇಳಬೇಕಾದ್ದು ಆ ಸೊಸೆಯ ಪ್ರಶ್ನೆಯನ್ನೇ. ಇವತ್ತು ಹೇಗಿದ್ದಾರೆ ಅಂತ ಕೇಳಿದರೆ ನಮ್ಮಿಂದ ನಂಬರುಗಳು ಬರುತ್ತವೆ. ಈ ಮಷೀನು, ಈ ಡಯಾಲಿಸಿಸ್ ಮಾಡಿದರೆ ಆಮೇಲೆ ಬದುಕು ಹೇಗಿರುತ್ತದೆ, ಮಾಡದಿದ್ದರೆ ಏನಾಗುತ್ತದೆ ಅಂತ ಕೇಳಿ. ರೌಂಡ್ಸ್ ಹೊತ್ತಿನಲ್ಲಿ ನಿಂತುಕೊಂಡು ಕೇಳಬೇಡಿ. ಕೂತು ಮಾತಾಡಲು ಇಪ್ಪತ್ತು ನಿಮಿಷ ಕೊಡಿ ಅನ್ನಿ. ಮನೆಯವರಲ್ಲಿ ಮಾತಾಡುವವರು ಒಬ್ಬರೇ ಇರಲಿ, ಪುಣೆಯವರು ಫೋನಿನಲ್ಲಿ ಕೂತರೂ ಆಯಿತು. ಕಾಕಾ ಒಂದು, ಅಳಿಯ ಇನ್ನೊಂದು ಹೇಳಿದರೆ ನಮಗೆ ಹೆದರಿಕೆ, ಹೆದರಿದ ಡಾಕ್ಟರ್ ಏನನ್ನೂ ನಿಲ್ಲಿಸುವುದಿಲ್ಲ. ಡಾಕ್ಟರ್ ಮುಂದುವರಿಸೋಣ ಅಂತಲೇ ಇದ್ದರೆ, ಎಷ್ಟು ದಿನ, ಏನು ಕಂಡರೆ ಸುಧಾರಣೆ, ಕಾಣದಿದ್ದರೆ ಮುಂದೇನು ಅಂತ ದಿನ ಗೊತ್ತು ಮಾಡಿಸಿಕೊಳ್ಳಿ. ಮೂರು ದಿನ ಅಂದರೆ ಮೂರು ದಿನ.

ಕಾನೂನು ಏನು ಹೇಳುತ್ತದೆ? ಚುಚ್ಚುಮದ್ದು ಕೊಟ್ಟು ಸಾಯಿಸುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರವನ್ನು ಹಾಕದೆ ಇರುವುದು, ಹಾಕಿದ್ದನ್ನು ತೆಗೆಯುವುದು ಬೇರೆ ಮಾತು. ಮುಂಬೈ ಆಸ್ಪತ್ರೆಯಲ್ಲಿ ಹಲ್ಲೆಗೆ ಸಿಕ್ಕಿ ದಶಕಗಟ್ಟಲೆ ಹಾಸಿಗೆಯಲ್ಲೇ ಇದ್ದ ನರ್ಸ್, ನಮ್ಮ ಹಳದೀಪುರದ ಅರುಣಾ ಶಾನಭಾಗರ ಕೇಸಿನಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಬಾಗಿಲು ತೆರೆಯಿತು, ಆದರೆ ಪ್ರತಿ ಸಲ ಹೈಕೋರ್ಟಿಗೆ ಹೋಗಬೇಕಿತ್ತು. 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದೂ ಹಕ್ಕೇ ಅಂತ ತೀರ್ಪು ಬಂತು, 2023ರ ಜನವರಿಯಲ್ಲಿ ನಿಯಮ ಇನ್ನೂ ಸರಳವಾಯಿತು. ಈಗ ನೋಡಿಕೊಳ್ಳುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿ ಒಂದು ಕಮಿಟಿ. ಅದು ಒಪ್ಪಿದರೆ ಜಿಲ್ಲಾ ಆರೋಗ್ಯಾಧಿಕಾರಿ ಕಡೆಯಿಂದ ನೇಮಕವಾದ ಡಾಕ್ಟರ್ ಇರುವ ಎರಡನೇ ಕಮಿಟಿ. ಎರಡೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಯಂತ್ರ ತೆಗೆಯುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಇದಕ್ಕೆ ಸುತ್ತೋಲೆ ಹೊರಡಿಸಿದೆ. ಕಮಿಟಿ ಒಪ್ಪದಿದ್ದರೆ ಹೈಕೋರ್ಟ್ ಇದ್ದೇ ಇದೆ, ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ನಮಗೆ ಕಲಬುರಗಿ.

"ಅಂಥ ಕಮಿಟಿ ನಮ್ಮಲ್ಲಿ ಇಲ್ಲ" ಅಂತ ಯಾರಾದರೂ ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ಹೆಚ್ಚಾಗಿ ಮರುದಿನ ಕಮಿಟಿ ಹುಟ್ಟುತ್ತದೆ.

ಇನ್ನು ಉಲ್ಟಾ ಜಗಳ. ಡಾಕ್ಟರ್ ಇನ್ನು ಪ್ರಯೋಜನವಿಲ್ಲ ಅಂತಾರೆ, ಮನೆಯವರು ಕೈ ಬಿಡಬ್ಯಾಡ್ರಿ ಅಂತಾರೆ. ಇಲ್ಲಿ ಎರಡನೇ ಅಭಿಪ್ರಾಯ ಕೇಳಿ, ಅದು ನಿಮ್ಮ ಹಕ್ಕು, ಡಾಕ್ಟರಿಗೆ ಅವಮಾನ ಏನಲ್ಲ. ಕೇಳಿದ 72 ಗಂಟೆಯೊಳಗೆ ದಾಖಲೆಗಳ ನಕಲು ಕೊಡಬೇಕು ಅನ್ನುವ ನಿಯಮವಿದೆ. ಮಿರಜ್, ಸೊಲ್ಲಾಪುರ, ಹುಬ್ಬಳ್ಳಿಗೆ ಸ್ಕ್ಯಾನ್ ಹೋಗಲಿ, ಮನುಷ್ಯ ಇಲ್ಲೇ ಇರಲಿ. ವೆಂಟಿಲೇಟರ್ ಮೇಲಿದ್ದವರನ್ನು ನೂರು ಕಿಲೋಮೀಟರ್ ಎಳೆದುಕೊಂಡು ಹೋಗಿ ಅಲ್ಲೂ ಅದೇ ಮಾತು ಕೇಳಿ ಬಂದವರನ್ನು ನೋಡಿದ್ದೇನೆ. ಹೃದಯ ನಿಂತಾಗ ಎದೆ ಒತ್ತುವುದೂ (ಸಿಪಿಆರ್) ಅಷ್ಟೇ. ಸಿನಿಮಾದಲ್ಲಿ ಎರಡು ಸಲ ಒತ್ತಿದರೆ ಎದ್ದು ಕೂರುತ್ತಾರೆ. ಮುದುಕರ ಎದೆಯ ಮೇಲೆ ಒತ್ತಿದರೆ ಪಕ್ಕೆಲುಬು ಮುರಿದದ್ದು ಅಂಗೈಗೆ ಗೊತ್ತಾಗುತ್ತದೆ. ಎದೆ ಒತ್ತಬಾರದು ಅಂತ ತೀರ್ಮಾನವಾದರೆ ಕೇಸ್ ಪೇಪರಿನಲ್ಲಿ ಬರೆಸಿ, ಇಲ್ಲದಿದ್ದರೆ ರಾತ್ರಿ ಪಾಳಿಯವರು ಒತ್ತಿಯೇ ಒತ್ತುತ್ತಾರೆ.

ದುಡ್ಡಿನ ಮಾತನ್ನೂ ನುಂಗಿಕೊಳ್ಳಬೇಡಿ. ಹೊಲ ಒತ್ತೆ ಇಟ್ಟಾಗಿದೆ, ಇನ್ನು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕೀಳಾಗಿ ಕಂಡಿಲ್ಲ. ಬಿಲ್ ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾನೂನಿಗೆ 2017ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಇದೆ. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಉಂಟು.

ನನ್ನ ಅವ್ವನ ಹೊತ್ತಿಗೆ ನಾನೇ ಬಾಗಿಲ ಹೊರಗೆ ನಿಂತಿದ್ದೆ, ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ. ಇಷ್ಟೆಲ್ಲ ಬಲ್ಲವನು, ಮೂಗಿನ ನಳಿಗೆಯಿಂದ ಹಾಲು ಹಾಕುವುದನ್ನು ನಿಲ್ಲಿಸೋಣ ಅಂದ ಚಿಕ್ಕ ವಯಸ್ಸಿನ ಡಾಕ್ಟರ್ ಮೇಲೆ ಕೂಗಾಡಿದೆ. ಅವ್ವನ್ನ ಉಪವಾಸ ಕೆಡವುತ್ತೀರಾ ಅಂದೆ. ಹೊರಡುವ ಜೀವಕ್ಕೆ ಹಸಿವು ಇರುವುದಿಲ್ಲ, ಜಾಸ್ತಿ ಸಲಾಯಿನ್ ಹಾಕಿದರೆ ಮೈ ಬಾತು ಎದೆಯಲ್ಲಿ ನೀರು ತುಂಬುತ್ತದೆ ಅಂತ ನಾನೇ ನೂರು ಮನೆಯವರಿಗೆ ಹೇಳಿದ್ದೆ. ಆ ಹುಡುಗ ಏನೂ ವಾದ ಮಾಡಲಿಲ್ಲ. ಒದ್ದೆ ಹತ್ತಿ ತಂದು ನನ್ನ ಕೈಗೆ ಕೊಟ್ಟ, ತುಟಿ ಒಣಗಿದೆ ಸರ್, ಒರೆಸಿ ಅಂದ.

ಇಷ್ಟೆಲ್ಲ ಆಗಬಾರದು ಅಂದರೆ ಕಡೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಸರಿ, ಎರಡು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ, ಮಾತು ನಿಂತಾಗ ನಮ್ಮ ಪರವಾಗಿ ಯಾರು ಹೇಳಬೇಕು ಅಂತ ಹೆಸರು. ನಾನು ಬರೆದಿದ್ದೇನೆ. ಹೆಂಡತಿ ಇನ್ನೂ ಓದಿಲ್ಲ, ಅಪಶಕುನ ಅಂತಾಳೆ.

ಇಂಡಿಯ ಅಜ್ಜನಿಗೆ ಡಯಾಲಿಸಿಸ್ ಮಾಡಲಿಲ್ಲ. ಎದೆ ಒತ್ತಬಾರದು ಅಂತ ಬರೆದೆವು, ಮಾರ್ಫಿನ್ ಶುರು ಮಾಡಿದೆವು, ಮೂಲೆಯ ಕೋಣೆಗೆ ಒಯ್ದು ಮನೆಯವರನ್ನೆಲ್ಲ ಒಳಗೆ ಬಿಟ್ಟೆವು. ಎರಡನೇ ಕಮಿಟಿ ಕೂಡುವ ಮೊದಲೇ, ಎರಡನೇ ದಿನ ನಸುಕಿನಲ್ಲಿ ನಾಡಿ ಇಳಿಯತೊಡಗಿತು. ಹಿರಿಯವನು ಹಣೆಗೆ ವಿಭೂತಿ ಹಚ್ಚಿದ. ಮಾನಿಟರ್ ಕೂಗುತ್ತಲೇ ಇತ್ತು. ಅದನ್ನೇ ನೋಡುತ್ತ ನಿಂತಿದ್ದ ಪುಣೆಯ ಮಗ ನನ್ನ ಕಡೆ ತಿರುಗಿ, "ಡಾಕ್ಟ್ರ, ಆ ಸಪ್ಪಳ ಬಂದ್ ಮಾಡ್ರಿ, ಅಪ್ಪಗ ನಿದ್ದಿ ಹತ್ತಲಿ" ಅಂದ.