ಬಿನ್ ಖಾಲಿ, ಡಿಸ್ಕ್ ಮಾತ್ರ ಭರ್ತಿ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತಲಿನ ಫೋಟೋ ಸ್ಟುಡಿಯೋ, ಡಿಟಿಪಿ ಅಂಗಡಿಗಳಲ್ಲಿ ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಕೇಳಿಬರುವ ಮಾತು: "ರಿಸೈಕಲ್ ಬಿನ್ ಖಾಲಿ ಅದರಿ, ಆದ್ರ ಡಿಸ್ಕ್ ಫುಲ್ ಅಂತ ತೋರಸ್ತದ." ಒಂದು ರಾ ಫೋಟೋ 25 ಎಂಬಿ ಎಂದಿಟ್ಟುಕೊಂಡರೆ 2000 ಫೋಟೋಗೆ 50 ಜಿಬಿ. ಅಷ್ಟನ್ನು ಅಳಿಸಿ, ಬಿನ್ನನ್ನೂ ಬರಿದು ಮಾಡಿದ ಮೇಲೆ ಜಾಗ ಬರದಿದ್ದರೆ ಫಾರ್ಮ್ಯಾಟ್ ಮಾಡಿಬಿಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಆ ಫೋಟೋಗಳು ಎಲ್ಲಿ ಕೂತಿವೆ ಎಂದು ಹುಡುಕಲು ಬರುತ್ತದೆ.

ಪರದೆಯ ಮೇಲಿನ ಬಿನ್ ಚಿತ್ರ ಒಂದೇ ಆದರೂ ಬಿನ್ ಒಂದಲ್ಲ. ವಿಂಡೋಸ್‌ನಲ್ಲಿ ಸಿ ಡ್ರೈವ್‌ಗೊಂದು, ಡಿ ಡ್ರೈವ್‌ಗೊಂದು '$ರಿಸೈಕಲ್.ಬಿನ್' ಎಂಬ ಮರೆಯ ಫೋಲ್ಡರ್ ಇರುತ್ತದೆ. ಅದರೊಳಗೆ ಪ್ರತಿ ಬಳಕೆದಾರರ ಖಾತೆಗೂ ಬೇರೆ ಬೇರೆ ಫೋಲ್ಡರ್. ಸಾಮಾನ್ಯವಾಗಿ ಹೆಸರು ಎಸ್-1-5-21 ಎಂದು ಶುರುವಾಗುತ್ತದೆ. ಅಳಿಸಿದ ಫೋಟೋ ಡಿಸ್ಕ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರ ಹೆಸರು ಮಾತ್ರ ಬದಲಾಗುತ್ತದೆ. '$ಆರ್' ಮತ್ತು ಆರು ಅಕ್ಷರಗಳ ಹೆಸರಿನಲ್ಲಿ ಫೋಟೋ, ಅದೇ ಆರು ಅಕ್ಷರಗಳ ಮುಂದೆ '$ಐ' ಇರುವ ಇನ್ನೊಂದು ಪುಟ್ಟ ಫೈಲಿನಲ್ಲಿ ಅದರ ಹಳೆಯ ವಿಳಾಸ, ಗಾತ್ರ, ಅಳಿಸಿದ ಸಮಯ. ಹಗಲಿನ ಕೆಲಸಗಾರ ತನ್ನ ಖಾತೆಯಲ್ಲಿ ಅಳಿಸಿದ್ದು ಸಂಜೆ ಬರುವವನ ಬಿನ್‌ನಲ್ಲಿ ಕಾಣದಿರುವುದು ಇದಕ್ಕೇ. ಮೊದಲು ಒಂದೊಂದೇ ಖಾತೆಗೆ ಲಾಗಿನ್ ಆಗಿ ಬಿನ್ ಖಾಲಿ ಮಾಡಿ. ಆಗಲೂ ಆಗದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೋಲ್ಡರ್ ಅಳಿಸುವ ಆರ್‌ಡಿ ಕಮಾಂಡಿಗೆ ಎಸ್ ಮತ್ತು ಕ್ಯೂ ಸ್ವಿಚ್ ಹಾಕಿ ಆ ಡ್ರೈವ್‌ನ '$ರಿಸೈಕಲ್.ಬಿನ್' ಅನ್ನೇ ತೆಗೆಯಬಹುದು. ಬೇಕಾದಾಗ ವಿಂಡೋಸ್ ಹೊಸದು ಮಾಡಿಕೊಳ್ಳುತ್ತದೆ. ಇದರಿಂದ ಎಲ್ಲರ ಬಿನ್ನೂ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅಂಗಡಿಯವರನ್ನೆಲ್ಲ ಕೇಳಿಯೇ ಮಾಡಬೇಕು.

ವಿಂಡೋಸ್ ಬದಲು ಉಬುಂಟು, ಅಂದರೆ ಲಿನಕ್ಸ್‌ನ ಒಂದು ಬಗೆ, ಇರುವ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್‌ನ ಫೈಲ್ ಅಳಿಸಿದರೆ, ಅದು ಪೆನ್ ಡ್ರೈವ್‌ನಲ್ಲೇ '.ಟ್ರ್ಯಾಶ್-1000' ಎಂಬ ಫೋಲ್ಡರಿಗೆ ಸೇರುತ್ತದೆ. 1000 ಎಂದರೆ ಮೊದಲ ಬಳಕೆದಾರರ ಸಂಖ್ಯೆ. ಡ್ರೈವ್ ಕಿತ್ತ ಕೂಡಲೇ ಕಂಪ್ಯೂಟರಿನ ಬಿನ್ ಖಾಲಿ ಕಾಣುತ್ತದೆ, ಭಾರವೆಲ್ಲ ಡ್ರೈವ್ ಜೊತೆ ಗ್ರಾಹಕರ ಮನೆಗೆ ಹೋಗುತ್ತದೆ. ಮತ್ತೆ ಚುಚ್ಚಿ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಫೋಲ್ಡರ್ ಕಾಣುತ್ತದೆ. ವಿಂಡೋಸ್‌ನಲ್ಲಂತೂ ಅದು ನೇರ ಕಣ್ಣಿಗೆ ಬೀಳುತ್ತದೆ, ಹೆಸರಿನ ಮುಂದೆ ಚುಕ್ಕಿಯಿಟ್ಟು ಮರೆಮಾಡುವುದು ಅಲ್ಲಿನ ಪದ್ಧತಿಯಲ್ಲ. ಅಂದಹಾಗೆ 32 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 29.8ರ ಆಸುಪಾಸು ತೋರಿಸುವುದು ಎಣಿಕೆಯ ವ್ಯತ್ಯಾಸ. ಆ ಎರಡು ಜಿಬಿಗಾಗಿ ಹುಡುಕಬೇಡಿ.

ಉಬುಂಟು ಕಂಪ್ಯೂಟರಿನ ಒಳಗಿನ ಡಿಸ್ಕೇ ತುಂಬಿದ್ದರೆ ಹೋಮ್ ಫೋಲ್ಡರಿನಲ್ಲಿ '.ಲೋಕಲ್', ಅದರಲ್ಲಿ 'ಶೇರ್', ಅದರಲ್ಲಿ 'ಟ್ರ್ಯಾಶ್' ತೆರೆದು 'ಎಕ್ಸ್‌ಪಂಜ್ಡ್' ಇದೆಯೇ ನೋಡಿ. ಬಿನ್ ಖಾಲಿ ಮಾಡುವಾಗ ಫೈಲುಗಳು ಮೊದಲು ಇಲ್ಲಿಗೆ ಬಂದು ಆಮೇಲೆ ಅಳಿಯುತ್ತವೆ. ಲಿನಕ್ಸ್‌ನಲ್ಲಿ ಅಳಿಸುವ ಹಕ್ಕು ಫೈಲಿನ ಮೇಲಲ್ಲ, ಅದನ್ನು ಇಟ್ಟುಕೊಂಡ ಫೋಲ್ಡರಿನ ಮೇಲೆ ನಿಂತಿದೆ. ನಿಮ್ಮ ಫೋಲ್ಡರಿನೊಳಗೆ ಸುಡೊ (ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಕಮಾಂಡ್) ಬಳಸಿ ಮಾಡಿದ ಇನ್ನೊಂದು ಫೋಲ್ಡರ್ ಇದ್ದರೆ ಅದರೊಳಗಿನ ಫೈಲುಗಳು ಅಳಿಯದೆ ಇಲ್ಲೇ ಸಿಕ್ಕಿಬೀಳುತ್ತವೆ, ಬಿನ್‌ನಲ್ಲೂ ಕಾಣುವುದಿಲ್ಲ. ಮೊದಲು ಸುಡೊ ಜೊತೆ ಡಿಯು ಕಮಾಂಡಿನಿಂದ ಗಾತ್ರ ಅಳೆಯಿರಿ, ಆಮೇಲೆ ಸುಡೊ ಜೊತೆ ಅಳಿಸುವ ಆರ್‌ಎಮ್ ಕಮಾಂಡ್ ಕೊಟ್ಟು ಎಕ್ಸ್‌ಪಂಜ್ಡ್ ಒಳಗಿನದ್ದನ್ನು ಮಾತ್ರ ತೆಗೆಯಿರಿ. ಎಂಟರ್ ಒತ್ತುವ ಮುನ್ನ ವಿಳಾಸ ಎರಡು ಸಲ ಓದಿ. ನಡುವೆ ಒಂದು ಸ್ಪೇಸ್ ತಪ್ಪಿ ಬಿದ್ದರೂ ಬೇರೆ ಫೋಲ್ಡರ್ ಹೋದೀತು.

ಇಷ್ಟಾದರೂ ಜಾಗ ಬಾರದಿದ್ದರೆ ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ಹಿಡಿದಿರಬಹುದು. ಉಬುಂಟುವಿನಲ್ಲಿ ತೆರೆದಿರುವ ವಿಡಿಯೋವನ್ನು ಅಳಿಸಿದರೆ ಹೆಸರು ತಕ್ಷಣ ಹೋಗುತ್ತದೆ, ಜಾಗ ಮಾತ್ರ ಪ್ರೋಗ್ರಾಂ ಮುಚ್ಚಿದ ಮೇಲೆಯೇ ಸಿಗುತ್ತದೆ. ಎಡಿಟಿಂಗ್ ಪ್ರೋಗ್ರಾಂ ಮುಚ್ಚಿ, ಅದೂ ಆಗದಿದ್ದರೆ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.