ಓವನ್ ಚಿಕನ್‌ಗೆ ಮೆತ್ತಿದ ಪುಡಿ ಯಾಕೆ ಕೆಂಪಾಗುವುದಿಲ್ಲ?

ಮೊದಲ ಸಲ ಓವನ್‌ನಲ್ಲಿ ಚಿಕನ್ ಮಾಡಿದಾಗ ನಾನು ರವಾ ಫ್ರೈ ಲೆಕ್ಕದಲ್ಲೇ ಹೋದೆ. ಉಪ್ಪು, ಖಾರ, ನಿಂಬೆರಸ ಹಚ್ಚಿ, ಚಿರೋಟಿ ರವೆಯಲ್ಲಿ ಹೊರಳಿಸಿ ಒಳಗಿಟ್ಟೆ. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಮಾಂಸ ಚೆನ್ನಾಗಿ ಬೆಂದಿತ್ತು. ರವೆ ಮಾತ್ರ ಒಳಗೆ ಹೋದ ಹಾಗೇ, ಬೆಳ್ಳಗೆ, ಮರಳು ಮರಳಾಗಿ ಕೂತಿತ್ತು. ಕಾವಲಿಯ ಮೇಲೆ ಬಂಗುಡೆಗೆ ಅಷ್ಟು ಚೆನ್ನಾಗಿ ಒಪ್ಪುವ ರವೆಗೆ ಇಲ್ಲೇನಾಯಿತು?

ಎಣ್ಣೆ ಇರಲಿಲ್ಲ, ಅಷ್ಟೇ. 200 ಡಿಗ್ರಿ ಸೆಲ್ಸಿಯಸ್‌ನ ಓವನ್ ಒಳಗೆ ನಾವು ಕೈ ಹಾಕಿ ತಟ್ಟೆ ತಿರುಗಿಸುತ್ತೇವೆ. 180 ಡಿಗ್ರಿಯ ಎಣ್ಣೆಗೆ ಬೆರಳು ತಾಗಿದರೆ? ಕ್ಷಣದಲ್ಲಿ ಬೊಬ್ಬೆ. ಬಿಸಿಗಾಳಿ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಎಣ್ಣೆ ಒಂದೇ ಸಲಕ್ಕೆ ಸುರಿಯುತ್ತದೆ. ಜೊತೆಗೆ ಕೋಳಿ ತುಂಬಾ ನೀರಿದೆ. ಮೇಲ್ಮೈಯ ನೀರು ಆರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ತಿಂಡಿಗೆ ಕೆಂಪು ಬಣ್ಣ, ಹುರಿದ ಘಮ ಕೊಡುವ ಕ್ರಿಯೆ ಜೋರಾಗುವುದು ಸುಮಾರು 140 ಡಿಗ್ರಿಯ ನಂತರ. ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಸೇರಿ ನಡೆಯುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ್ದು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರ್. ದೋಸೆಯ ಕೆಂಪಿಗೂ ಅದೇ ಕಾರಣ.

ಈ ತೊಡಕಿಗೆ ಪರಿಹಾರವನ್ನೇ ಪೊಟ್ಟಣಕ್ಕೆ ತುಂಬಿ ಮಾರಿದವರು ಅಮೆರಿಕದವರು. ಜನರಲ್ ಫುಡ್ಸ್ ಕಂಪನಿ 1965ರಲ್ಲಿ ‘ಶೇಕ್ ಎನ್ ಬೇಕ್’ ತಂದಿತು. ಕೋಳಿ ತುಂಡನ್ನು ನೀರಲ್ಲಿ ಒದ್ದೆ ಮಾಡಿ, ಪುಡಿ ಇರುವ ಚೀಲಕ್ಕೆ ಹಾಕಿ ಕುಲುಕಿ, ಓವನ್‌ಗೆ ಇಟ್ಟರೆ ಮುಗಿಯಿತು. ಕರಿಯದೆಯೇ ಕರಿದ ರುಚಿ!

ಗುಟ್ಟು ಮಸಾಲೆಯಲ್ಲಿ ಇದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಂಥ ಪೊಟ್ಟಣಗಳ ಹಿಂದೆ ಬರೆದದ್ದನ್ನು ಓದಿ: ಗೋಧಿ ಹಿಟ್ಟು ಅಥವಾ ಬ್ರೆಡ್ ಪುಡಿ, ಎಣ್ಣೆ, ಉಪ್ಪು, ಸಕ್ಕರೆ, ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ). ಮುಟ್ಟಿದರೆ ಒಣಪುಡಿ, ಒಳಗೆ ಎಣ್ಣೆ ಅಡಗಿದೆ. ಸಕ್ಕರೆ ಬೇಗ ಕೆಂಪಾಗುತ್ತದೆ. ಪ್ಯಾಪ್ರಿಕಾ ಬರುವಾಗಲೇ ಕೆಂಪು. ಇನ್ನು ಬ್ರೆಡ್ ಪುಡಿ ಅಂದರೆ ಒಮ್ಮೆ ಬೆಂದು ಒಣಗಿದ ಹಿಟ್ಟು, ನನ್ನ ರವೆಯಂತೆ ಹಸಿಯಲ್ಲ. ಹಿಂದೆ ಇಂಥ ತಿನಿಸುಗಳಿಗೆ ವನಸ್ಪತಿಯಂಥ ಗಟ್ಟಿ ಎಣ್ಣೆ ಜಾಸ್ತಿ ಬಳಸುತ್ತಿದ್ದರು. ಅದರಲ್ಲಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು. ಅಮೆರಿಕ 2015ರಲ್ಲಿ ಆ ಬಗೆಯ ಎಣ್ಣೆಯನ್ನು ಕೈಬಿಡಲು ಹೇಳಿತು. ನಮ್ಮಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿ ನೂರಕ್ಕೆ 2.

ಇಷ್ಟು ಗೊತ್ತಾದ ಮೇಲೆ ಮನೆಯಲ್ಲಿ ಮಾಡುವುದು ಸುಲಭ. ಹಳೇ ಬ್ರೆಡ್ಡನ್ನು ಒಣಗಿಸಿ ತರಿತರಿಯಾಗಿ ಪುಡಿ ಮಾಡಿ. ರಸ್ಕ್ ಆದರೂ ಆಗುತ್ತದೆ, ಸ್ವಲ್ಪ ಸಿಹಿ ಅಷ್ಟೇ. ಒಂದು ಬಟ್ಟಲು ಪುಡಿಗೆ ಎರಡು ಚಮಚ ಎಣ್ಣೆ ಹಾಕಿ, ಬಾಣಲೆಯಲ್ಲಿ ಹೊಂಬಣ್ಣ ಬರುವ ತನಕ ಹುರಿಯಿರಿ. ಅಂದರೆ ಓವನ್ ಮಾಡಲಾಗದ ಕೆಲಸವನ್ನು ನೀವೇ ಮೊದಲು ಮುಗಿಸಿದಿರಿ. ಉಪ್ಪನ್ನು ಪುಡಿಗೆ ಹಾಕಬೇಡಿ, ಮಾಂಸಕ್ಕೆ ಹಚ್ಚಿ. ಪುಡಿಯಲ್ಲಿದ್ದರೆ ನೀರೆಳೆದು ಮೆತ್ತಗಾಗುತ್ತದೆ. ತುಂಡನ್ನು ಒರೆಸಿ, ಮೈದಾ ಉದುರಿಸಿ, ಮೊಟ್ಟೆಯಲ್ಲಿ ಅದ್ದಿ, ಆಮೇಲೆ ಪುಡಿ ಒತ್ತಿ. ತಟ್ಟೆಯ ಬದಲು ಜಾಲರಿಯ ಮೇಲಿಟ್ಟರೆ ತಳವೂ ಗರಿಗರಿ.

ಪೊಟ್ಟಣಕ್ಕಿಂತ ಇದು ರುಚಿ ಅನ್ನುವುದು ನನ್ನ ಅಭಿಪ್ರಾಯ. ಉಪ್ಪು ನಮ್ಮ ಕೈಯಲ್ಲಿರುತ್ತದೆ, ತರಿ ದಪ್ಪಗಿರುತ್ತದೆ. ಆದರೆ ಕೆಲಸದಿಂದ ಸುಸ್ತಾಗಿ ಬಂದ ದಿನ ಬಾಣಲೆ ಹಿಡಿದು ನಿಲ್ಲೋದು ಯಾರು? ಆಗ ಪೊಟ್ಟಣವೇ ಸರಿ. ಹಸಿ ಕೋಳಿಗೆ ತಾಗಿದ ಪುಡಿ ಮಿಕ್ಕರೆ ಮಾತ್ರ ಅಯ್ಯೋ ಅನ್ನದೆ ಎಸೆದುಬಿಡಿ, ಡಬ್ಬಿಗೆ ವಾಪಸ್ ಸುರಿಯಬೇಡಿ.

ಒಂದು ಮೋಸ ಎರಡರಲ್ಲೂ ಇದೆ. ಹುರಿದ ಪುಡಿ ಆಗಲೇ ಕೆಂಪು, ಪ್ಯಾಪ್ರಿಕಾ ಹಾಕಿದ್ದೂ ಕೆಂಪು. ಹಾಗಾಗಿ ಮೇಲಿನ ಬಣ್ಣ ನೋಡಿ ಬೆಂದಿದೆ ಅಂತ ಹೇಳೋಕೆ ಆಗುವುದಿಲ್ಲ. ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿ ತೋರಿಸುವ ತನಕ ಬಾಗಿಲು ಮುಚ್ಚಿ ಕಾಯಿರಿ.